ಉಸಿರಿನ ಮಾಸ್ಕು ಮತ್ತು ನಿದ್ದೆಯ ಮದ್ದು

ಕಲಾ ವಿಭಾಗದ ವಿದ್ಯಾರ್ಥಿಯೊಬ್ಬನು ವೈದ್ಯವಿಷಯವನ್ನು ಕುರಿತು ಬರೆಯಹೊರಡುವುದು ಉದ್ಧಟತನವೆಂದು ಕೆಲವರಿಗೆ ತೋರಬಹುದು. ಕಳೆದ ವರ್ಷ ನಮ್ಮ ಅಜ್ಜಿಯವರು ಆಸ್ಪತ್ರೆಯ ತೀವ್ರನಿಗಾ ಘಟಕದಲ್ಲಿದ್ದಾಗ ನಡೆದ ಒಂದು ಮಾತುಕತೆಯೇ ಈ ಲೇಖನಕ್ಕೆ ಕಾರಣ. ಐವತ್ತು ವರ್ಷ ಸೌದೆ ಒಲೆಯ ಹೊಗೆ ಕುಡಿದ ಅವರ ಶ್ವಾಸಕೋಶಗಳು ಸೋತಿದ್ದವು. ಮುಖಕ್ಕೆ ಬಿಗಿದ ಮಾಸ್ಕನ್ನು ಅವರು ಮೇಲಿಂದ ಮೇಲೆ ಕಿತ್ತುಹಾಕುತ್ತಿದ್ದರು. ಆ ಸಂಕಟವನ್ನು ನೋಡಲಾರದೆ ನಮ್ಮ ತಂದೆಯವರು, "ಡಾಕ್ಟರೇ, ನಿದ್ದೆಗೆ ಒಂದು ಇಂಜೆಕ್ಷನ್ ಕೊಟ್ಟುಬಿಡಿ, ಪಾಪ, ಸುಮ್ಮನೆ ಮಲಗಲಿ" ಎಂದು ಬೇಡಿದರು. "ಆ ಇಂಜೆಕ್ಷನ್ನೇ ಅವರ ಉಸಿರನ್ನು ನಿಲ್ಲಿಸೀತು" ಎಂದು ವೈದ್ಯರು ಒಪ್ಪಲಿಲ್ಲ. ಅಂದು ಆ ಮಾತು ನಮಗೆ ನಿಷ್ಕರುಣೆಯೆಂದೇ ತೋರಿತು. ಅದು ಹಾಗಲ್ಲವೆಂಬುದನ್ನು ತಿಳಿದಷ್ಟು ಮಟ್ಟಿಗೆ ವಿವರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಸ್ವಲ್ಪ ಇತಿಹಾಸ. 1952ರಲ್ಲಿ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದಲ್ಲಿ ಪೋಲಿಯೋ ಪಿಡುಗು ಹಬ್ಬಿತು. ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ವೈದ್ಯರು ರೋಗಿಗಳ ಕತ್ತಿನಲ್ಲಿ ರಂಧ್ರಮಾಡಿ, ಶ್ವಾಸನಾಳಕ್ಕೆ ಕೊಳವೆಯಿಟ್ಟು, ರಬ್ಬರಿನ ಚೀಲವನ್ನು ಕೈಯಿಂದ ಒತ್ತಿ ಗಾಳಿ ಕೊಡುವ ಏರ್ಪಾಡು ಮಾಡಿದರು. ಹಗಲಿರುಳೆನ್ನದೆ ಸರದಿಯ ಮೇಲೆ ಆ ಚೀಲಗಳನ್ನು ಒತ್ತಿದವರು ವೈದ್ಯಕೀಯ ವಿದ್ಯಾರ್ಥಿಗಳು, ಎಂದರೆ ನಮ್ಮ ವಯಸ್ಸಿನವರೇ! ಇಂದಿನ ತೀವ್ರನಿಗಾ ಘಟಕಗಳ ಮೂಲ ಅಲ್ಲಿದೆ. ಆದರೆ ಕೊಳವೆಯಿಂದ ತೊಂದರೆಗಳೂ ಉಂಟು. ರೋಗಿ ಮಾತನಾಡಲಾರ, ಶ್ವಾಸಕೋಶಕ್ಕೆ ಸೋಂಕು ತಗಲುವ ಭಯವೂ ಹೆಚ್ಚು. ಕೊಳವೆಯಿಲ್ಲದೆ, ಮುಖಕ್ಕೆ ಕಟ್ಟಿದ ಮಾಸ್ಕಿನ ಮೂಲಕವೇ ಯಂತ್ರದ ಗಾಳಿ ಕೊಡಲಾಗದೆ ಎಂಬ ಪ್ರಶ್ನೆ ಹುಟ್ಟಿದ್ದು ಹೀಗೆ. 1995ರಲ್ಲಿ ಲೋರಾಂ ಬ್ರೊಶಾರ್ ಮತ್ತು ಸಂಗಡಿಗರು ಯೂರೋಪಿನಲ್ಲಿ ದೀರ್ಘಕಾಲದ ಶ್ವಾಸಕೋಶರೋಗ ಉಲ್ಬಣಿಸಿದ 85 ಮಂದಿಯಲ್ಲಿ ಇದನ್ನು ಪರೀಕ್ಷಿಸಿದರು. ಮಾಸ್ಕಿಲ್ಲದವರಲ್ಲಿ ಶೇಕಡ 74 ಮಂದಿಗೆ ಕೊಳವೆ ಬೇಕಾಯಿತು. ಮಾಸ್ಕು ಪಡೆದವರಲ್ಲಿ ಶೇಕಡ 26 ಮಂದಿಗೆ ಮಾತ್ರ. ಮರಣ ಶೇಕಡ 29ರಿಂದ 9ಕ್ಕೆ ಇಳಿಯಿತು.

ಇಂಥ ಉಪಕಾರಿಯಾದ ಸಾಧನವನ್ನು ರೋಗಿಗಳು ಏಕೆ ಕಿತ್ತೆಸೆಯುತ್ತಾರೆ? ಮುಖಕ್ಕೆ ಬಿಗಿದ ಪಟ್ಟಿಗಳು, ರಭಸದಿಂದ ನುಗ್ಗುವ ಗಾಳಿ, ಒಣಗಿದ ಬಾಯಿ, ಮೂಗಿನ ಮೇಲಿನ ಉರಿ, ಯಾರೋ ಬಾಯಿ ಕಟ್ಟಿದಂಥ ಭೀತಿ—ಇವನ್ನು ಸಹಿಸುವುದು ಸುಲಭವಲ್ಲ. ಕೊಳವೆ ಹಾಕಿಸಿಕೊಂಡ ರೋಗಿಯನ್ನು ನಿದ್ದೆಗೆ ದೂಡಬಹುದು. ಯಂತ್ರವೇ ಅವನಿಗಾಗಿ ಉಸಿರಾಡುತ್ತದೆ, ಕೊಳವೆಯ ಸುತ್ತಲಿನ ಬಲೂನು ಶ್ವಾಸನಾಳವನ್ನು ಕಾಯುತ್ತದೆ. ಮಾಸ್ಕಿನಲ್ಲಿ ಈ ಎರಡೂ ರಕ್ಷಣೆ ಇಲ್ಲ. ಉಸಿರಾಡುವವನು ರೋಗಿಯೇ; ಯಂತ್ರ ಅವನ ಬೆನ್ನಿಗಿರುವ ಆಳು ಮಾತ್ರ. ಗಾಢನಿದ್ರೆ ಬಂದರೆ ನಾಲಗೆ ಹಿಂದಕ್ಕೆ ಬಿದ್ದು ದಾರಿ ಕಟ್ಟಬಹುದು. ವಾಂತಿಯಾದರೆ ಅದು ಶ್ವಾಸಕೋಶಕ್ಕೇ ಇಳಿಯಬಹುದು.

ಇದಕ್ಕಿಂತ ಸೂಕ್ಷ್ಮವಾದ ಅಪಾಯ ಇನ್ನೊಂದುಂಟು. ರಕ್ತದಲ್ಲಿ ಇಂಗಾಲದ ಡೈಆಕ್ಸೈಡಿನ ಒತ್ತಡ ಸಾಮಾನ್ಯವಾಗಿ ಪಾದರಸದ 35ರಿಂದ 45 ಮಿಲಿಮೀಟರ್ ಇರುತ್ತದೆ. ಉಸಿರು ಮೇಲುಮೇಲಾದಾಗ ಅದು ಏರುತ್ತದೆ. ಮಾರ್ಫಿನ್, ಮಿಡಜೋಲಾಮ್ ಮೊದಲಾದ ಮದ್ದುಗಳು ಮೆದುಳಿನ ಉಸಿರಾಟದ ಕೇಂದ್ರವನ್ನು ಮಂದಗೊಳಿಸುತ್ತವೆ. ಉಸಿರು ಇನ್ನೂ ಕುಗ್ಗುತ್ತದೆ. ಆ ಅನಿಲ ಇನ್ನೂ ಏರುತ್ತದೆ. ಅತಿಯಾಗಿ ಏರಿದ ಅನಿಲವೂ ಮಂಪರು ತರುವಂಥದೇ. ಆಗ ರೋಗಿ ಕೊನೆಗೂ ಹಾಯಾಗಿ ಮಲಗಿದನೆಂದು ಬಂಧುಗಳು ನೆಮ್ಮದಿಪಡುತ್ತಾರೆ. ಆದರೆ ನಿದ್ದೆಯಂತೆ ಕಾಣುವುದೆಲ್ಲ ನಿದ್ದೆಯಲ್ಲ! ಆಮ್ಲಜನಕ ಕೊಡುತ್ತಿರುವಾಗ ಬೆರಳಿಗೆ ಸಿಕ್ಕಿಸಿದ ಯಂತ್ರದ ಅಂಕಿಯೂ ಚೆನ್ನಾಗಿಯೇ ಕಾಣಬಹುದು. ನಿಜ ತಿಳಿಯಲು ರಕ್ತವನ್ನೇ ಪರೀಕ್ಷಿಸಬೇಕು.

ಆದುದರಿಂದ ರೋಗಿ ಚಡಪಡಿಸಿದಾಗ ಮೊದಲು ಕೇಳಬೇಕಾದ ಪ್ರಶ್ನೆ "ಯಾವ ಮದ್ದು?" ಎಂಬುದಲ್ಲ, "ಏಕೆ?" ಎಂಬುದು. ಆಮ್ಲಜನಕ ಸಾಲದೆ? ನೋವಿದೆಯೆ? ಮೂತ್ರ ಕಟ್ಟಿದೆಯೆ? ಮಾಸ್ಕಿನ ಅಳತೆ ತಪ್ಪಿ ಗಾಳಿ ಸೋರಿ ಕಣ್ಣಿಗೆ ಬಡಿಯುತ್ತಿದೆಯೆ? ಸಾಧನವನ್ನು ಬದಲಿಸುವುದೂ ಒಂದು ಉಪಾಯ. 2016ರಲ್ಲಿ ಪ್ರಕಟವಾದ ಷಿಕಾಗೋದ ಪರೀಕ್ಷೆಯೊಂದರಲ್ಲಿ, ಶ್ವಾಸಕೋಶಗಳು ತೀವ್ರವಾಗಿ ಕೆಟ್ಟ 83 ಮಂದಿಯ ಪೈಕಿ ಮುಖದ ಮಾಸ್ಕಿನವರಲ್ಲಿ ಶೇಕಡ 61.5 ಮಂದಿಗೆ ಕೊಳವೆ ಬೇಕಾದರೆ, ತಲೆಯನ್ನೆಲ್ಲ ಆವರಿಸುವ ಪಾರದರ್ಶಕ ಹೆಲ್ಮೆಟ್ಟಿನವರಲ್ಲಿ ಶೇಕಡ 18.2 ಮಂದಿಗೆ ಮಾತ್ರ ಬೇಕಾಯಿತು.

ಇಷ್ಟಾದರೂ ಕೆಲವರಿಗೆ ಮದ್ದು ಬೇಕಾಗುತ್ತದೆ. ಅಮೆರಿಕದಲ್ಲಿ 1999ರಲ್ಲಿ ಅನುಮತಿ ಪಡೆದ ಡೆಕ್ಸ್‌ಮೆಡಿಟೊಮಿಡೀನ್ ಇಲ್ಲಿ ವೈದ್ಯರ ಗಮನ ಸೆಳೆದಿದೆ. ಅದು ಉಸಿರಾಟವನ್ನು ಹೆಚ್ಚು ಕುಗ್ಗಿಸದೆ ಮನಸ್ಸನ್ನು ತಣಿಸುತ್ತದೆ. ಹೆಸರು ಹಿಡಿದು ಕರೆದರೆ ರೋಗಿ ಕಣ್ಣು ತೆರೆಯುತ್ತಾನೆ. ಆದರೆ ಹೃದಯದ ಬಡಿತ ನಿಧಾನವಾಗಿ ರಕ್ತದೊತ್ತಡ ಇಳಿಯುವುದುಂಟು. 2014ರಲ್ಲಿ 33 ಮಂದಿಯ ಮೇಲೆ ನಡೆದ ಸಣ್ಣ ಪರೀಕ್ಷೆಯಲ್ಲಿ, ಅದನ್ನು ಮೊದಲಿನಿಂದಲೇ ಕೊಟ್ಟರೂ ಮಾಸ್ಕು ಸಹಿಸುವ ಶಕ್ತಿ ಹೆಚ್ಚಲಿಲ್ಲ. ಮುಂದೆ ಹಲವು ಸಣ್ಣ ಪರೀಕ್ಷೆಗಳನ್ನು ಒಟ್ಟುಗೂಡಿಸಿ ನೋಡಿದಾಗ ಭ್ರಾಂತಿಯೂ ಕೊಳವೆಯ ಅಗತ್ಯವೂ ಕಡಿಮೆಯಾದಂತೆ ಕಂಡಿತು. ಅಂತೂ ಯಾವ ಮದ್ದನ್ನು ಕೊಟ್ಟರೂ ಪ್ರಮಾಣ ಅಲ್ಪವಾಗಿರಬೇಕು, ಪಕ್ಕದಲ್ಲಿ ಕಾಯುವವರಿರಬೇಕು, ಕೊಳವೆ ಸಿದ್ಧವಾಗಿರಬೇಕು. ಎಚ್ಚರವನ್ನು ಅಳೆಯಲು ರಿಚ್ಮಂಡ್ ಮಾಪಕವಿದೆ: +4 ಎಂದರೆ ಹಿಂಸಾತ್ಮಕವಾದ ಚಡಪಡಿಕೆ, 0 ಎಂದರೆ ಶಾಂತವಾದ ಎಚ್ಚರ, −5 ಎಂದರೆ ಯಾವ ಪ್ರಚೋದನೆಗೂ ಮಿಸುಕದ ಸ್ಥಿತಿ. ಮಾಸ್ಕಿನ ರೋಗಿಯನ್ನು 0ಯ ಆಸುಪಾಸಿನಲ್ಲಿಯೇ ಇಡುವುದು ಗುರಿ.

ಒಂದು ಅಪವಾದವನ್ನು ಮರೆಯಬಾರದು. ಗುಣವಾಗದ ರೋಗದ ಕೊನೆಯಲ್ಲಿ, ಕೊಳವೆ ಬೇಡವೆಂದು ರೋಗಿಯೇ ನಿಶ್ಚಯಿಸಿದ್ದರೆ ಚಿಕಿತ್ಸೆಯ ಗುರಿಯೇ ಬೇರೆ. ಆಗ ಏದುಸಿರಿನ ಯಾತನೆಯನ್ನು ನೀಗಿಸುವುದೇ ಮುಖ್ಯ. ಮಾರ್ಫಿನ್ ಅಲ್ಲಿ ಮಿತ್ರನಾಗುತ್ತದೆ.

ನಮ್ಮ ಅಜ್ಜಿಯ ವಿಷಯಕ್ಕೆ ಬರೋಣ. ಆ ರಾತ್ರಿ ನರ್ಸಮ್ಮನವರು ಚಿಕ್ಕ ಅಳತೆಯ ಮಾಸ್ಕು ತಂದರು. ಮೂಗಿನ ಗಾಯಕ್ಕೆ ಮೆತ್ತೆಯಿಟ್ಟರು. ಬಿಗಿಯುವ ಮೊದಲು ಮಾಸ್ಕನ್ನು ಅಜ್ಜಿಯ ಕೈಗೇ ಕೊಟ್ಟು, "ಅಜ್ಜಿ, ನೀವೇ ಹಿಡಕೊಳ್ಳಿ. ಗಾಳಿ ಬಂದಾಗ ಎಳಕೊಳ್ಳಿ. ನಾನು ಇಲ್ಲೇ ಇದ್ದೀನಿ" ಎಂದರು. ಅರ್ಧ ಗಂಟೆ ಹಾಗೆಯೇ ಕುಳಿತಿದ್ದರು. ಬಳಿಕ ವೈದ್ಯರು ಡೆಕ್ಸ್‌ಮೆಡಿಟೊಮಿಡೀನನ್ನು ಅತಿ ಸಣ್ಣ ಪ್ರಮಾಣದಲ್ಲಿ ಆರಂಭಿಸಿದರು. ಬೆಳಗಿನ ಜಾವ ನಮ್ಮ ತಂದೆಯವರು "ಅವ್ವಾ" ಎಂದಾಗ ಅಜ್ಜಿ ಕಣ್ಣು ತೆರೆದು ಕೈ ಎತ್ತಿದರು. ನಾಲ್ಕನೆಯ ದಿನ ಮಾಸ್ಕು ಕಳಚಿತು.

ನಾವು ಕೇಳಿದ್ದು ಅವರ ಸಂಕಟ ಕಣ್ಣಿಗೆ ಕಾಣದಿರಲೆಂದು. ವೈದ್ಯರು ನೋಡಿದ್ದು ಆ ಸಂಕಟಕ್ಕೆ ಕಾರಣವೇನೆಂದು. ಮುಂದೆ ನಮ್ಮ ಸಹಪಾಠಿಗಳಲ್ಲಿ ಯಾರಾದರೂ ಅಂಥ ಹಾಸಿಗೆಯ ಬಳಿ ನಿಲ್ಲಬೇಕಾಗಿ ಬಂದರೆ, ನಿದ್ದೆಯ ಮದ್ದನ್ನು ಬೇಡುವ ಮೊದಲು ರೋಗಿಯ ಕೈ ಹಿಡಿದು, "ಎಲ್ಲಿ ನೋಯುತ್ತದೆ?" ಎಂದು ಕೇಳಲಿ. ಅಷ್ಟು ಮಾಡಲು ವೈದ್ಯವಿದ್ಯೆ ಬೇಕಾಗಿಲ್ಲ.