ಹಂಪಿಯ ಗೈಡ್‌ಗೆ ಸ್ಪ್ಯಾನಿಷ್ ಬೇಕೇ?

ಪ್ರಶ್ನೆ: ಹಂಪಿಯಲ್ಲಿ ಗೈಡ್ ಆಗಿದ್ದೇನೆ. ಕನ್ನಡ, ತೆಲುಗು, ಹಿಂದಿ, ಇಂಗ್ಲಿಷ್ ಬರುತ್ತವೆ. ಸ್ಪ್ಯಾನಿಷ್ ಕಲಿತರೆ ಉಪಯೋಗವಿದೆಯೇ? ಇಂಗ್ಲಿಷೇ ಸಾಕು ಅನ್ನುತ್ತಾರೆ ಜೊತೆಯವರು.
– ಓದುಗ, ಹೊಸಪೇಟೆ

ಉತ್ತರ: ಖಂಡಿತ ಕಲಿಯಿರಿ. ಸ್ಪೇನ್, ಮೆಕ್ಸಿಕೊ, ಅರ್ಜೆಂಟೀನಾ ಸೇರಿ ಸುಮಾರು 20 ದೇಶಗಳ ಅಧಿಕೃತ ಭಾಷೆ ಅದು. ಇಂಗ್ಲಿಷ್ ಬಲ್ಲ ಪ್ರವಾಸಿಗೂ ತನ್ನ ಮಾತಿನಲ್ಲೇ ಕತೆ ಕೇಳುವ ಆಸೆ ಇರುತ್ತದೆ. ಆದರೆ ಇಂಗ್ಲಿಷ್ ಬಿಡಬೇಡಿ, ವರ್ಷದ ಹೊಟ್ಟೆಪಾಡು ಅದರಿಂದಲೇ.

ಬಹುಪಾಲು ಬರೆದಂತೆ ಓದುವ ಭಾಷೆಯಾದ್ದರಿಂದ ಉಚ್ಚಾರ ನಮಗೆ ಕಷ್ಟವಲ್ಲ. ತೊಡಕು ಕ್ರಿಯಾಪದಗಳಲ್ಲಿದೆ, ನಿಮ್ಮ ಕೆಲಸಕ್ಕೋ ಭೂತಕಾಲವೇ ಪ್ರಾಣ. ಅಲ್ಲಿ ನಡೆದು ಮುಗಿದದ್ದಕ್ಕೆ ಒಂದು ರೂಪ, ನಡೆಯುತ್ತಿದ್ದುದಕ್ಕೆ ಇನ್ನೊಂದು. 1565ರಲ್ಲಿ ರಾಮರಾಯ ಸೋತದ್ದು ಮೊದಲನೆಯದರಲ್ಲಿ, ಬಜಾರಿನಲ್ಲಿ ಮುತ್ತು ರತ್ನ ಮಾರುತ್ತಿದ್ದುದು ಎರಡನೆಯದರಲ್ಲಿ. ಇವೆರಡನ್ನು ಗಟ್ಟಿ ಮಾಡಿಕೊಳ್ಳಿ. ದೆಹಲಿಯಲ್ಲಿ ಸ್ಪೇನ್ ಸರ್ಕಾರದ ಸೆರ್ವಾಂತೆಸ್ ಸಂಸ್ಥೆಯಿದೆ. ಅದರ ಡೆಲೆ ಪರೀಕ್ಷೆಯ ಬಿ2 ಹಂತ ನಿಮ್ಮ ಗುರಿಯಾಗಿರಲಿ.

ಸಂಪಾದನೆಗಿಂತ ದೊಡ್ಡ ಲಾಭ ಇನ್ನೊಂದಿದೆ. ಕೃಷ್ಣದೇವರಾಯನ ಕಾಲದಲ್ಲಿ ವಿಜಯನಗರ ಕಂಡ ಡೊಮಿಂಗೊ ಪಾಯೆಸ್ ಬರೆದದ್ದು ಪೋರ್ಚುಗೀಸಿನಲ್ಲಿ. ರಾಬರ್ಟ್ ಸಿವೆಲ್ 1900ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಅನುವಾದವನ್ನೇ ನಾವೆಲ್ಲ ನೆಚ್ಚಿಕೊಂಡಿದ್ದೇವೆ. ಪೋರ್ಚುಗೀಸ್ ಸ್ಪ್ಯಾನಿಷ್‌ನ ಒಡಹುಟ್ಟು. ಸ್ಪ್ಯಾನಿಷ್ ಕೈಗೂಡಿದರೆ, ನಿಘಂಟು ಪಕ್ಕದಲ್ಲಿಟ್ಟುಕೊಂಡು ಮೂಲಕ್ಕೇ ಇಳಿಯಬಹುದು. ಮಹಾನವಮಿ ದಿಬ್ಬದ ಮುಂದೆ ನಿಂತು ಮಾತಾಡುವವರಿಗೆ ಇದು ಸಣ್ಣ ಸಂಗತಿಯಲ್ಲ.

ಪ್ರಶ್ನೆ: ಮನೆಯಲ್ಲಿ ತೆಲುಗು, ಓಣಿಯಲ್ಲಿ ಕನ್ನಡ. ನಾಲ್ಕು ವರ್ಷದ ಮಗಳು ಎರಡನ್ನೂ ಬೆರೆಸುತ್ತಾಳೆ. ಇಂಗ್ಲಿಷ್ ಮೀಡಿಯಂಗೆ ಸೇರಿಸಿದ್ದೇವೆ. ತೆಲುಗು ನಿಲ್ಲಿಸಬೇಕೇ?
– ಓದುಗಿ, ಕಂಪ್ಲಿ

ಉತ್ತರ: ಬೇಡಮ್ಮ, ನಿಲ್ಲಿಸಬೇಡಿ. ಈ ವಯಸ್ಸಿನಲ್ಲಿ ಬೆರಕೆ ಸಹಜ. ಅಜ್ಜಿಯೊಡನೆ ಯಾವ ಮಾತು, ಗೆಳತಿಯೊಡನೆ ಯಾವುದು ಎಂಬುದು ಮಕ್ಕಳಿಗೆ ಬೇಗ ತಿಳಿಯುತ್ತದೆ. ಸಂಡೂರಿನ ತಾಂಡಾಗಳಲ್ಲಿ ಲಂಬಾಣಿ, ಕನ್ನಡ ಎರಡರಲ್ಲೂ ಬೆಳೆಯುವ ಮಕ್ಕಳನ್ನು ನೋಡಿ.

ಹೈದರಾಬಾದಿನಲ್ಲಿ ಡಾ. ಸುವರ್ಣಾ ಅಲ್ಲಾಡಿ ಅವರ ತಂಡ 648 ಮರೆಗುಳಿ ರೋಗಿಗಳ ದಾಖಲೆ ಪರಿಶೀಲಿಸಿ 2013ರಲ್ಲಿ ಅಧ್ಯಯನ ಪ್ರಕಟಿಸಿತು. ಒಂದೇ ಭಾಷೆಯವರಿಗಿಂತ ಹೆಚ್ಚು ಭಾಷೆಯವರಲ್ಲಿ ಕಾಯಿಲೆ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಕಾಣಿಸಿಕೊಂಡಿತ್ತು, ಓದುಬರಹ ಬಾರದವರಲ್ಲಿ ಕೂಡ. ಭಾಷೆಯೇ ಔಷಧ ಎಂದು ಇದರರ್ಥವಲ್ಲ. ಎರಡು ಭಾಷೆ ಮಿದುಳಿಗೆ ಹೊರೆ ಎಂಬ ಭಯವನ್ನಂತೂ ಬಿಡಬಹುದು.

ರಾತ್ರಿಯ ಕತೆ ತೆಲುಗಿನಲ್ಲೇ ಇರಲಿ. ಕನ್ನಡ ಅಕ್ಷರ ಮನೆಯಲ್ಲೇ ತಿದ್ದಿಸಿ, ತೆಲುಗು ಲಿಪಿ ಆಮೇಲೆ ಸಲೀಸು. ಎರಡೂ ಭಾಷೆಗಳಲ್ಲಿ ಮಾತು ಹಿಂದುಳಿದಿದೆ ಅನಿಸಿದರೆ ಮಾತ್ರ ಮೊದಲು ಕಿವಿ ಪರೀಕ್ಷೆ ಮಾಡಿಸಿ.