ಕಲೆಯೂ ಕಾಯಕವೇ: ಗದುಗಿನ ಆಶ್ರಮ ಕಲಿಸುವ ಪಾಠ



ಬಡವರ ಮನೆಯಲ್ಲಿ ಹಾಡುವ ಹುಡುಗನಿದ್ದರೆ ನಾವು ಏನೆನ್ನುತ್ತೇವೆ? “ಹಾಡಿದರೆ ಹೊಟ್ಟೆ ತುಂಬುತ್ತದೆಯೇ? ದನ ಕಾಯಲಿ, ಇಲ್ಲವೇ ಅಂಗಡಿಯಲ್ಲಿ ಕೂಡಲಿ” ಎನ್ನುತ್ತೇವೆ. ಮಳೆ ನಂಬಿದ ರೈತ, ದಿನದ ಗಿರಾಕಿಯನ್ನು ನಂಬಿದ ವರ್ತಕ ಹೀಗೆ ಕೇಳುವುದು ತಪ್ಪಲ್ಲ. ಈ ಪ್ರಶ್ನೆಗೆ ಗದುಗಿನ ವೀರೇಶ್ವರ ಪುಣ್ಯಾಶ್ರಮ ಕೊಟ್ಟ ಉತ್ತರವೇ ಈ ಸಲದ ಪಾಠ.

1892ರಲ್ಲಿ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ ಒಂದು ಕೂಸು ಹುಟ್ಟಿತು. ಕಣ್ಣಿಲ್ಲ, ಮನೆಯಲ್ಲಿ ಬಡತನ. ಆದರೆ ಕಂಠವಿತ್ತು. ಅದನ್ನು ಗುರುತಿಸಿದವರು ಹಾನಗಲ್ಲ ಕುಮಾರ ಸ್ವಾಮಿಗಳು. ಅವರು ಮರುಕಪಟ್ಟು ಕಾಸು ಕೊಟ್ಟು ಮುಂದೆ ಹೋಗಲಿಲ್ಲ, ಸಂಗೀತ ಕಲಿಸುವ ಏರ್ಪಾಡು ಮಾಡಿದರು. ಆ ಬಾಲಕನೇ ಮುಂದೆ ಪಂಚಾಕ್ಷರಿ ಗವಾಯಿಗಳಾದರು. ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿ ಕಲಿತು, ತಮ್ಮಂತೆಯೇ ಕಣ್ಣಿಲ್ಲದ, ಗತಿಯಿಲ್ಲದ ಮಕ್ಕಳನ್ನು ಕೂಡಿಸಿಕೊಂಡು ಊರೂರು ತಿರುಗುತ್ತ ಕಲಿಸಿದರು. ಕೊನೆಗೆ ಗದುಗಿನಲ್ಲಿ ಆಶ್ರಮ ನೆಲೆಗೊಂಡಿತು. 1944ರಲ್ಲಿ ಅವರು ಲಿಂಗೈಕ್ಯರಾದರು.

ಅವರ ಶಿಷ್ಯರು ಪುಟ್ಟರಾಜ ಗವಾಯಿಗಳು. ಜನನ 1914, ಹಾನಗಲ್ಲ ತಾಲೂಕಿನ ದೇವಗಿರಿ. ಹಸುಗೂಸಾಗಿದ್ದಾಗಲೇ ದೃಷ್ಟಿ ಹೋಯಿತು. ಸೋದರಮಾವನ ಆಸರೆಯಲ್ಲಿ ಬೆಳೆಯುವಾಗ ಮಾವನ ಹಾರ್ಮೋನಿಯಂ ಮೇಲೆ ಬೆರಳಾಡಿಸಿದರು. ಮಾವ ಗದರಿಸಲಿಲ್ಲ, ಗುರುಗಳ ಬಳಿ ಸೇರಿಸಿದರು. ಗುರುಗಳ ನಂತರ ಆಶ್ರಮದ ಭಾರ ಇವರ ಹೆಗಲಿಗೆ ಬಂತು. ಮಕ್ಕಳ ಊಟಕ್ಕಾಗಿ ನಾಟಕ ಬರೆದರು, ನಾಟಕ ಕಂಪನಿ ನಡೆಸಿದರು. ಭಕ್ತರ ತುಲಾಭಾರದ ಹಣವನ್ನೂ ಆಶ್ರಮಕ್ಕೇ ಸಲ್ಲಿಸಿದರು. 2010ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ಲಿಂಗೈಕ್ಯರಾದರು.

ಇಲ್ಲಿ ಜಾತಿ ಕೇಳುವುದಿಲ್ಲ. ಬಳ್ಳಾರಿ ಸೀಮೆಯ ಲಕ್ಷ್ಮೀಪುರದಲ್ಲಿ 1953ರಲ್ಲಿ ಹುಟ್ಟಿದ ಎಂ. ವೆಂಕಟೇಶಕುಮಾರ್ ಅವರ ತಂದೆ ಜಾನಪದ ಹಾಡುಗಾರರು, ಗೊಂಬೆಯಾಟದವರು. ಬಾಲಕನನ್ನು ಸೋದರಮಾವ ಆಶ್ರಮಕ್ಕೆ ತಂದು ಬಿಟ್ಟರು. ಸುಮಾರು ಹನ್ನೆರಡು ವರ್ಷ ಅಲ್ಲಿಯೇ ಉಂಡು ಕಲಿತರು. ಮುಂದೆ ಧಾರವಾಡದಲ್ಲಿ ಸಂಗೀತ ಅಧ್ಯಾಪಕರಾದರು; 2016ರಲ್ಲಿ ಪದ್ಮಶ್ರೀ ಪಡೆದರು.

ಹನ್ನೆರಡು ವರ್ಷ ಎಂಬುದನ್ನು ಗಮನಿಸಿರಿ. ನಾನು ವಾಣಿಜ್ಯ ಓದಿದವನು, ಮಠದ ಜಮಾ-ಖರ್ಚು ಬರೆಯುವವನು. ಅಷ್ಟು ವರ್ಷ ಖರ್ಚಿನ ಬದಿಯಲ್ಲೇ ಇರುವ ಖಾತೆಯನ್ನು ಯಾವ ವ್ಯಾಪಾರಿಯೂ ಇಟ್ಟುಕೊಳ್ಳುವುದಿಲ್ಲ. ದಾಸೋಹ ಮಾತ್ರ ಇಟ್ಟುಕೊಳ್ಳುತ್ತದೆ. ಕಲಿತವರೆಲ್ಲ ಪದ್ಮಶ್ರೀ ಆಗುವುದಿಲ್ಲ ಎಂಬುದೂ ನಿಜ. ಒಬ್ಬರು ಶಾಲೆಯಲ್ಲಿ ಸಂಗೀತ ಕಲಿಸಬಹುದು, ಒಬ್ಬರು ಪುರಾಣ-ಪ್ರವಚನಕ್ಕೆ ತಬಲಾ ಸಾಥ್ ಕೊಡಬಹುದು. ಅಷ್ಟಾದರೂ ಸಾಕು. ಕೈಯೊಡ್ಡಬೇಕಾಗಿದ್ದವನು ದುಡಿದು ಉಣ್ಣುತ್ತಾನೆ. ಶರಣರು ಕಾಯಕವೆಂದದ್ದು ಇದನ್ನೇ. ಅನ್ನ ಇಂದಿನ ಹಸಿವು ತೀರಿಸುತ್ತದೆ. ವಿದ್ಯೆ ನಾಳೆಯ ಧೈರ್ಯ ಕೊಡುತ್ತದೆ. ಎರಡೂ ಕೂಡಿದಾಗಲೇ ದಾಸೋಹ ಪೂರ್ಣ.

ಗಡಿಯಾಚೆಯ ನಮಗೆ ಗದಗ ದೂರವಲ್ಲ, ಸೊಲ್ಲಾಪುರದಿಂದ ರೈಲು ಮಾರ್ಗವಿದೆ. ಮಕ್ಕಳನ್ನು ಕರೆದುಕೊಂಡು ಒಮ್ಮೆ ಹೋಗಿ ಬನ್ನಿರಿ.

ಮನೆಯಲ್ಲಿ ಕೂಡಿ ವಿಚಾರಿಸಲು:
1. ಕುಮಾರ ಸ್ವಾಮಿಗಳು ಆ ಬಾಲಕನಿಗೆ ಹಣವನ್ನಷ್ಟೇ ಕೊಟ್ಟಿದ್ದರೆ ಏನಾಗುತ್ತಿತ್ತು?
2. ನಮ್ಮ ಓಣಿಯಲ್ಲಿ ಹಾಡುವ, ಚಿತ್ರ ಬರೆಯುವ, ಮಣ್ಣಿನ ಬಸವಣ್ಣ ಮಾಡುವ ಬಡ ಮಗು ಯಾವುದು? ಅದರ ಹೆಸರು ನಮಗೆ ಗೊತ್ತೇ?
3. ಆ ಮಗುವಿನ ಒಂದು ವರ್ಷದ ಕಲಿಕೆಯ ಖರ್ಚನ್ನು ನಾಲ್ಕು ಮನೆಯವರು ಕೂಡಿ ಹೊರಬಹುದೇ?

ಮೂರನೆಯ ಪ್ರಶ್ನೆಗೆ ಉತ್ತರ ಸಿಕ್ಕವರು ಮುಂದಿನ ಅಮಾವಾಸ್ಯೆಗೆ ಮಠಕ್ಕೆ ಬಂದಾಗ ತಿಳಿಸಿರಿ.



— ಕಾರ್ಯದರ್ಶಿ