ಮೊದಲು ಹೇಳಿ, ಆಮೇಲೆ ಕೈ ಚಾಚಿ

ಬೆಂಗಳೂರಿನ ವಿಜಯನಗರದ ರೂಮಿನಲ್ಲಿ ಕೂತು ಮೊಬೈಲಿನಲ್ಲೇ ಪೋಕರ್ ಕಲಿತವರಿಗೆ ದುಡ್ಡಿನ ಆನ್‌ಲೈನ್ ಆಟ ನಿಷೇಧಿಸಿದ 2025ರ ಕೇಂದ್ರ ಕಾನೂನು ಆ ದಾರಿ ಮುಚ್ಚಿತು. ಈಗ ಪಣಜಿಯ ಕ್ಯಾಸಿನೊ ಹಡಗಿನಲ್ಲಿ ಮೊದಲ ದೊಡ್ಡ ಟೂರ್ನಿ ಆಡಲು ಹೊರಟಿದ್ದೀರಾ? ಒಂದು ಮಾತು ಕೇಳಿ.

ನಿಮ್ಮ ಸರದಿ ಬಂದಿತೆಂದು ಮೊಬೈಲು ತಾನೇ ಹೇಳುತ್ತಿತ್ತು. ಮೇಜಿನಲ್ಲಿ ನೀವೇ ಗಮನಿಸಬೇಕು. ಎದುರಿನವರ ಪಣಕ್ಕೆ ಬಾಯಿಬಿಟ್ಟು ‘ರೇಸ್’ (ಪಣ ಏರಿಸುತ್ತೇನೆ) ಅನ್ನದೆ ಒಂದೇ ದೊಡ್ಡ ಚಿಪ್ ಇಟ್ಟರೆ ಅದು ಬರೀ ‘ಕಾಲ್’, ಅಂದರೆ ಅವರ ಪಣಕ್ಕೆ ಸರಿಗಟ್ಟಿದಂತೆ. ಮೊದಲೇ ಹೇಳದೆ ಎರಡು ಕಂತಿನಲ್ಲಿ ಚಿಪ್ ತಳ್ಳುವಂತೆಯೂ ಇಲ್ಲ. ಆಟ ಬಲ್ಲವರೂ ಮೊದಲ ದಿನ ಎಡವುವುದು ಇಲ್ಲೇ. ಬಸವೇಶ್ವರನಗರದ ಗೆಳೆಯರ ಮನೆಯ ಊಟದ ಮೇಜಿನಲ್ಲಿ, ದುಡ್ಡಿಲ್ಲದೆ, ನಾಲ್ಕು ಭಾನುವಾರ ಮೊದಲು ಹೇಳಿ ಆಮೇಲೆ ಚಿಪ್ ಇಡುವುದನ್ನೇ ರೂಢಿಸಿಕೊಳ್ಳಿ. ಹುಣಸೆಬೀಜವೇ ಚಿಪ್ ಆಗಲಿ, ಪರವಾಗಿಲ್ಲ.

ರಾತ್ರಿ ಬಸ್ಸಿನಿಂದ ಇಳಿದವರೇ ಆಟಕ್ಕೆ ಕೂರಬೇಡಿ. ಬೆನ್ನು, ಕಣ್ಣು ಎರಡೂ ಕೈಕೊಡುತ್ತವೆ. ಪ್ಯಾನ್, ಆಧಾರ್ ಜೇಬಿನಲ್ಲಿರಲಿ. 21 ವರ್ಷ ತುಂಬದವರನ್ನು ಒಳಗೆ ಬಿಡುವುದಿಲ್ಲ. ಗೆದ್ದರೆ ಶೇ. 30ರಷ್ಟು ತೆರಿಗೆ. ಪ್ರವೇಶ ಶುಲ್ಕ ಪೂರ್ತಿ ಹೋದರೂ ಮನೆ ಬಾಡಿಗೆಗೆ ಕೈಹಾಕುವಂತಾಗಬಾರದು. ಸೋತವರನ್ನು ‘ರೀ-ಎಂಟ್ರಿ’ (ಮತ್ತೆ ಶುಲ್ಕ ಕಟ್ಟಿ ಆಡುವ ಅವಕಾಶ) ಕೈಬೀಸಿ ಕರೆಯುತ್ತದೆ. ಎಟಿಎಂ ಕಾರ್ಡನ್ನು ಉಳಿದುಕೊಂಡ ರೂಮಿನಲ್ಲೇ ಬಿಟ್ಟು ಹೋಗಿ.